ಪರಂಬೋಕು

ಎಂಬತ್ತಮೂರರ ಏಪ್ರಿಲ್. ಶಿರ್ವದಿಂದಾಚೆ ಮುಳಿಗುಡ್ಡೆ.
ಅರುವತ್ತಾರು ಅಡಿಯ ಸರಪಳಿ
ಮುರಕಲ್ಲಿನ ಮೇಲೆ ಎಳೆದ ಸದ್ದಿಗೆ
ಗುಡಿಸಲೊಳಗೊಂದು ಮಗು ಎದ್ದು ಅತ್ತಿತು.
ಅದು ನನ್ನ ಕಿವಿಯಲ್ಲುಂಟು, ನಕ್ಷೆಯಲ್ಲಿಲ್ಲ.

ಏಳು ಗುಡಿಸಲು. ಒಂದು ಬಾವಿ.
ಬಿಸಿಲಿಗೆ ಹಾಕಿದ ಅರೆಹೆಣೆದ ಬುಟ್ಟಿಗಳು, ಬಾಯಿ ತೆರೆದು.
ನಾನು, ಸರ್ವೆಯರ್ ಲಾದ್ರು ಪಿಂಟೊ,
ಮಸಿಪೆನ್ನಿನಲ್ಲಿ ಬರೆದೆ: ಪರಂಬೋಕು.
ಯಾರದ್ದೂ ಅಲ್ಲ.
ನಮ್ಮಲ್ಲಿ ಪೋಲಿ ಹುಡುಗರಿಗೆ ಬೈಯುವುದೂ ಅದೇ ಶಬ್ದದಲ್ಲಿ.
ಗುತ್ತಿನವರ ಕುಮ್ಕಿಯ ಗೆರೆಯನ್ನು ಮಾತ್ರ
ಎರಡೆರಡು ಸಲ ತಿದ್ದಿ ಚೆಂದಕ್ಕೆ ಎಳೆದಿದ್ದೆ.
ಅವತ್ತು ಅವರ ಚಾವಡಿಯಲ್ಲಿ ಕೋರಿ ರೊಟ್ಟಿ ಇತ್ತು.

ಪೆನ್ಶನ್ ಬಂದು ಹನ್ನೆರಡನೇ ವರ್ಷ
ಗೇಟಿನ ಹತ್ತಿರ ಒಬ್ಬಳು ಹುಡುಗಿ.
ಬನ್ನಿ ಒಳಗೆ, ಅಂದೆ.
‘ಒಳಗೆ ಬರ್ಲಿಕ್ಕೆ ಬಂದದ್ದಲ್ಲ. ಇದು ನಿಮ್ಮ ಸೈನಾ?’
ಜೆರಾಕ್ಸಿನಲ್ಲಿ ನನ್ನ ಕೊಂಬಿನ ‘ಲ’,
ಆಗಿನ ಸೊಕ್ಕು ಇದ್ದ ಹಾಗೇ.
ವಾರಿಜಾ ಅಂತ ಹೆಸರು. ಬೊಗ್ರನ ಮೊಮ್ಮಗಳು.
ಅತ್ತ ಮಗು ಇವಳ ಅಮ್ಮ.

ಅರಣ್ಯದವರು ಸಾಕ್ಷಿ ಕೇಳುತ್ತಿದ್ದರು.
ರೇಶನ್ ಕಾರ್ಡಾದದ್ದು ತೊಂಬತ್ತೆಂಟಕ್ಕೆ,
ಅದಕ್ಕೆ ಮೊದಲು ಇವರಿದ್ದರೆಂದು ಹೇಳುವವರು ಯಾರು?
ಗುಡ್ಡೆಯ ಮಾದೇರಿ ಬೂರು ಹೇಳೀತು,
ಎಷ್ಟು ತಲೆಮಾರಿನ ಕತ್ತಿ ತಾಗಿದೆಯೆಂದು.
ಬೂರಿಗೆ ಹೆಬ್ಬೆಟ್ಟಿಲ್ಲವಲ್ಲ.

ಆಗ ಕಾಪುವಿನಿಂದ ಐಸಮ್ಮ ಬಂದರು,
ಬಸ್ಸಿಳಿದು, ಸಕ್ಕರೆ ಗೋಣಿಯನ್ನು ಸೊಂಟಕ್ಕೊತ್ತಿಕೊಂಡು.
ತೀರಿಹೋದ ಮೊಯ್ದು ಬ್ಯಾರಿಯ ಲೆಕ್ಕದ ಪುಸ್ತಕಗಳು,
ಒಣಮೀನಿನ ವಾಸನೆಯ ನಲವತ್ತು ವರ್ಷ.
‘ಮುಳಿಗುಡ್ಡೆ ಬೊಗ್ರ. ಮೀನುಬುಟ್ಟಿ ಹದಿನಾಲ್ಕು,
ಕೋಳಿಗೂಡು ಎರಡು. ಬಾಕಿ ಎರಡೂಕಾಲು ರೂಪಾಯಿ.’
ಎಪ್ಪತ್ತೊಂದರಲ್ಲಿ. ಎಪ್ಪತ್ತಾರರಲ್ಲಿ. ನನ್ನ ಸರಪಳಿ ಬರುವ ಮೊದಲು,
ಬಂದು ಹೋದ ಮೇಲೆ.
ಐಸಮ್ಮ ಸೆರಗಿನ ಗಂಟು ಬಿಚ್ಚಿ
ಕೊಡದೆ ಉಳಿಸಿದ ಹಳೇ ಬಾಕಿ ಎಣಿಸತೊಡಗಿದರೆ
ಬೊಗ್ರನ ಹೆಂಡತಿ ಕರ್ಗಿ ಬಾಯ್ತುಂಬ ನಕ್ಕಳು:
‘ಕೊಟ್ಟು ಮುಗಿಸ್ಬೇಡಿ ಮಾರಾಯ್ತಿ,
ನೀವು ಬಾಕಿ ಇಟ್ಟದ್ದಕ್ಕೇ ನಾವು ಇದ್ದದ್ದು ಗೊತ್ತಾಯ್ತು.’

ನನ್ನ ಹತ್ತಿರ ನಗಲಿಲ್ಲ.
ಚಾಪೆ ಹಾಸಿದಳು. ನಾನು ಕೂತೆ.
ಚಾ ಕೊಟ್ಟಳು; ಕುಡಿದು ಮುಗಿಸುವವರೆಗೂ
ನನ್ನ ಗಂಟಲನ್ನೇ ನೋಡುತ್ತಿದ್ದಳು.

ಗಡಿ ಅವಳೇ ನಡೆದು ತೋರಿಸಿದ್ದು.
ಅತ್ತೆಯನ್ನು ಹುಗಿದ ಕಾಟುಮಾವಿನ ಬುಡದಿಂದ
ಬಾವಿಯ ಬಲಕ್ಕೆ, ಬೂರು ಹಬ್ಬಿದ ಕಾಡಿನವರೆಗೆ,
ಅಲ್ಲಿ ಒಂದು ಗಳಿಗೆ ನಿಂತು, ಏನನ್ನೋ ಲೆಕ್ಕ ಹಾಕಿ,
ಇನ್ನೂ ಮೂವತ್ತು ಮಾರು.
ಸರಪಳಿಯ ಮುಂದಿನ ತುದಿ ವಾರಿಜಾಳ ಕೈಯಲ್ಲಿ.
ಹಿಂದಿನದ್ದು ನಾನು ಹಿಡಿದೆ.
ಹಿಂದೆ ಆ ತುದಿ ಹಿಡಿಯಲು ಬೊಗ್ರನನ್ನು
ಕೂಲಿಯಿಲ್ಲದೆ ಕರೆದೊಯ್ದಿದ್ದೆ.
ಇದನ್ನು ಅವರಿಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ.
ಕರ್ಗಿಗೆ ಗೊತ್ತಿತ್ತು, ಅನಿಸುತ್ತದೆ.

ಮಣಿಪಾಲದ ಹುಡುಗನೊಬ್ಬ ರೆಕಾರ್ಡರ್ ಹಿಡಿದು
ನಿಮ್ಮ ಭಾಷೆಯ ಹಾಡು, ದೈವದ ಹೆಸರು ಅಂತ ಬೆನ್ನು ಹತ್ತಿದ್ದ.
ಒಳ್ಳೆಯವನೇ; ಅರ್ಜಿಗಳನ್ನೆಲ್ಲ ಟೈಪಿಸಿದ್ದು ಅವನು.
‘ಬಳ್ಳಿಗಳ ಹೆಸರು ಬರ್ಕೊ, ನಕ್ಷೆಗೆ ಬೇಕು.
ಬಾಕಿದ್ದು ಇಲ್ಲ.’
ಅವನು ಗುಂಡಿ ಒತ್ತಿ ಆರಿಸಿದ.

ಹಕ್ಕುಪತ್ರ ಬಂದ ದಿನ
ಸಾಹೇಬರ ಕಡೆಯವರು ಫೋಟೋಕ್ಕಾಗಿ ಡೋಲು ಕೇಳಿದರು.
ಕರ್ಗಿ ಕೈ ತೊಳೆಯಲು ಹೋದವಳು
ಫೋಟೋದವ ಜೀಪು ಹತ್ತುವವರೆಗೂ ಬಾವಿಯ ಹತ್ತಿರವೇ ಇದ್ದಳು.
ಊರಿನವರ ಕಂಬಳಕ್ಕೆ, ಚಳಿಯ ರಾತ್ರಿಯಿಡೀ ಗದ್ದೆಯ ಬದುವಲ್ಲಿ
ಹೊಡೆಸಿಕೊಂಡ ಡೋಲು ಅದು.

ಏಳೂವರೆಯ ಕೊನೇ ಬಸ್ಸಿಗೆ ಕಾಯುತ್ತಿದ್ದೆ,
ಐಸಮ್ಮ ಪಕ್ಕದಲ್ಲಿ, ಗೋಣಿ ಮಡಚಿ ಕಂಕುಳಲ್ಲಿ.
ಗುಡ್ಡೆಯ ಮೇಲಿಂದ ಸುರುವಾಯಿತು.
ಮೊದಲು ಒಂದೇ ಡೋಲು, ತಡವರಿಸಿ. ಆಮೇಲೆ ಎಷ್ಟೋ.
ನಮ್ಮನ್ನು ಕರೆದಿರಲಿಲ್ಲ.
‘ಹೋಗುವನಾ?’ ಅಂದೆ.
‘ಎಲ್ಲಿಗೆ? ಬಸ್ಸು ಬಂತಲ್ಲ,’ ಅಂದರು ಐಸಮ್ಮ,
ಚಿಲ್ಲರೆ ಹುಡುಕುತ್ತ.