ವರ್ನಾಳ ಟ್ರಕ್ಕಿನ ಕದಗಳು

ಅಕ್ಟೋಬರಿನ ಎರಡನೆಯ ವಾರ. ಕನೋರಾದಾಚೆ
ಸಸ್ಕ್ಯಾಚುವಾನಿನ ಬಯಲಿಗೆ ಬಯಲೇ ಕೊಯ್ದು ಮುಗಿದು
ಬರೀ ಕೂಳೆ.
ಅಂಚೆ ಹಂಚುವ ವರ್ನಾ ಪೆಲ್ಟಿಯೆ
ಟ್ರಕ್ಕು ತಂದು ನನ್ನ ಷೆಡ್ಡಿನ ಮುಂದೆ ನಿಲ್ಲಿಸಿದಳು.
ಕೀಲಿ ತೆಗೆದ ಮೇಲೂ ಫ್ಯಾನು ಓಡುತ್ತಲೇ ಇತ್ತು,
ಓಡಿ ಬಂದ ನಾಯಿಯ ನಾಲಿಗೆಯ ಹಾಗೆ.
"ಏರು ಹತ್ತುವಾಗ ಕುದಿಯುತ್ತೆ, ನೆಸ್ಟರ್.
ಏರು ಅಂದರೇನು, ಇಲ್ಲಿ ಇರೋದೇ ಒಂದು."

ಗ್ರಿಲ್ಲಿನ ಹಿಂದಕ್ಕೆ ಟಾರ್ಚು ಬಿಟ್ಟೆ.
ಸಾಲಾಗಿ ಕದಗಳು, ಪ್ಲಾಸ್ಟಿಕ್ಕಿನವು, ಬೆರಳಗಲದವು.
ಚಳಿಗೆ ಮುಚ್ಚಿ ಬಿಸಿಗೆ ತೆರೆದು
ಹೆದ್ದಾರಿಯಲ್ಲಿ ಗಾಳಿಯನ್ನು ಪಕ್ಕಕ್ಕೆ ಜಾರಿಸಿ
ನೂರು ಕಿಲೋಮೀಟರಿಗೆ ಒಂದು ಲೋಟ ಪೆಟ್ರೋಲು ಉಳಿಸಲಿ ಅಂತ
ಯಾರೋ ಬೆಚ್ಚಗಿನ ಕೋಣೆಯಲ್ಲಿ ಕೂತು ಯೋಚಿಸಿದ್ದು.
ಯೋಚನೆ ಕೆಟ್ಟದ್ದಲ್ಲ.
ಅವರ ದಾರಿಯಲ್ಲಿ ಜಲ್ಲಿ ಇರಲಿಲ್ಲ, ಅಷ್ಟೆ.

ಹನ್ನೆರಡರಲ್ಲಿ ಐದು ಮುರಿದಿದ್ದವು.
ಉಳಿದವು ಮುಚ್ಚಿಕೊಂಡು ಕಚ್ಚಿ ಕೂತಿದ್ದವು,
ಔಷಧಿ ಒಲ್ಲೆನೆನ್ನುವ ಮಗುವಿನ ಬಾಯಿ.
ಯಾರ್ಕ್‌ಟನ್ನಿನ ಷೋರೂಮಿನವರು ಬರೆದುಕೊಟ್ಟ ಬೆಲೆ
ಒಂಬೈನೂರ ನಲವತ್ತು ಡಾಲರು, ಕೂಲಿ ಬೇರೆ.
ಮೂಗಿಗಿಂತ ಮೂಗುತಿ ಭಾರ.
ವರ್ನಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಜೇಬಿಗಿಟ್ಟಳು, ಯಾರದೋ ಪತ್ರ
ತಪ್ಪಿ ತನ್ನ ಕೈಗೆ ಬಂದಂತೆ.

"ತೆಗೆದೇ ಬಿಟ್ಟರೆ?" ಅಂದಳು.

ಅದು ನನಗೆ ಹೊಳೆಯಬೇಕಿತ್ತು.
ಮೂವತ್ತೊಂದು ವರ್ಷ, ಹೋದದ್ದರ ಜಾಗಕ್ಕೆ
ಹೊಸದನ್ನು ಕೂರಿಸಿ ಕೂರಿಸಿಯೇ
ಈ ಷೆಡ್ಡಿನ ಸಾಲ ತೀರಿಸಿದವನು.
ಬೆಲ್ಟಿಗೆ ಬೆಲ್ಟು, ಬಲ್ಬಿಗೆ ಬಲ್ಬು.
ಖಾಲಿ ಬಿಡುವುದೂ ಒಂದು ರಿಪೇರಿ ಅಂತ
ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಲಿನ ಹೊದಿಕೆಗೆ ಹತ್ತು ಕ್ಲಿಪ್ಪು. ಎರಡು ಮುರಿದವು. ಬೈದೆ.
ಬಂಪರಿನ ಅಂಚು ಎತ್ತಿ ಹಿಡಿದವಳು ವರ್ನಾ.
ಚೌಕಟ್ಟು ಬಂತು, ಓರೆಯಾಗಿ, ಕಿರುಗುಟ್ಟುತ್ತ.
ಬರುವಾಗ ನೆಲಕ್ಕೆ ಸುರಿಯಿತು
ಮಿಡತೆಗಳ ಒಣಗಾಲು, ಕ್ಯಾನೋಲಾದ ಕರಿಕಾಳು,
ಬಿಳಿ ಚುಕ್ಕೆಯ ಒಂದು ಕಾಡುಕೋಳಿ ಗರಿ.
"ಜುಲೈ ಒಂಬತ್ತು," ಅಂದಳು ಬಗ್ಗಿ ಎತ್ತಿಕೊಂಡು,
"ಬುಚ್ಕೋ ಮನೆಯ ತಿರುವು. ಬ್ರೇಕು ಹಾಕಿದ್ದೆ ನಾನು."
ನಾನೇನೂ ಕೇಳಿರಲಿಲ್ಲ.

ಕೊನೆಗೆ ಉಳಿದದ್ದು ಮೋಟಾರು, ಬೆಂಕಿಪೆಟ್ಟಿಗೆಯಷ್ಟು.
ಕಿತ್ತರೆ ಕಂಪ್ಯೂಟರು ರಂಪ ಮಾಡುತ್ತೆ,
ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಸಿ ಕೂರುತ್ತೆ.
ಅದಕ್ಕೇ ಮುರಿದ ಕದದ ಒಂದು ಚೂರು
ಅದರ ಮೂತಿಗೆ ಸಿಕ್ಕಿಸಿ, ಎರಡೂ ಕೊನೆಗೆ ತಟ್ಟಿ ನಿಲ್ಲುವಂತೆ
ಗುಬುಟು ಇಟ್ಟು, ಕಂಬಿಗೆ ಬಿಗಿದು ಕಟ್ಟಿದೆ.
ಈಗ ಅದು ತಿರುಗುತ್ತೆ, ತಟ್ಟುತ್ತೆ.
'ತೆರೆದೆ' ಅಂತ ವರದಿ ಒಪ್ಪಿಸುತ್ತೆ.
ಮತ್ತೆ ತಿರುಗುತ್ತೆ. 'ಮುಚ್ಚಿದೆ.'
ಮೇಲಿನವರು ನಂಬುತ್ತಾರೆ.
ಹರೆಯದಲ್ಲಿ ಪೊಟ್ಯಾಷ್ ಗಣಿಯ ಆಫೀಸಿನಲ್ಲಿ
ಎರಡು ವರ್ಷ ನಾನೂ ಇದೇ ಕೆಲಸ ಮಾಡಿದ್ದೆ.

ನಲವತ್ತು ಡಾಲರು ಕೊಟ್ಟಳು. ಇಪ್ಪತ್ತು ವಾಪಸು ಕೊಟ್ಟೆ.
ಚೌಕಟ್ಟು ಷೆಡ್ಡಿನ ಹಿಂದಿನ ಗೋಡೆಗೆ ಒರಗಿತು,
ಅಲ್ಲಿ ಮೊದಲ ಹಿಮ ಬಿದ್ದಾಗ
ಏಳು ಪಟ್ಟಿಯ ಮೇಲೆ ಮಾತ್ರ ನಿಂತಿತ್ತು.

ಜನವರಿ. ಮೈನಸ್ ಮೂವತ್ತೆಂಟು.
ಮನಸ್ಸಿಗೆ ಅಳುಕು: ಎಂಜಿನ್ನು ಕಾಯದೆ, ಹೀಟರು ಊದದೆ
ಆ ಗ್ರಿಡ್ ರಸ್ತೆಗಳಲ್ಲಿ ಅವಳ ಬೆರಳು?
ಕೋ-ಆಪ್ ಪಂಪಿನ ಹತ್ತಿರ ಟ್ರಕ್ಕು ಸಿಕ್ಕಿತು,
ವರ್ನಾ ಒಳಗೆ ಕಾಫಿಗೆ ಹೋಗಿದ್ದಳು.
ಗ್ರಿಲ್ಲಿನ ಹಿಂದೆ ಒಂದು ರಟ್ಟು,
ಅಳತೆಗೆ ಕತ್ತರಿಸಿ ದಾರದಲ್ಲಿ ಬಿಗಿದದ್ದು,
ನಮ್ಮಪ್ಪ ಗೋಧಿ ಲಾರಿಗೆ ಕಟ್ಟುತ್ತಿದ್ದ ಹಾಗೇ.
ಯಾವುದೋ ಪಾರ್ಸೆಲ್ಲಿನ ಪೆಟ್ಟಿಗೆ. ವಿಳಾಸದ ಮೇಲೆ
ಓರೆಯಾಗಿ ಬಿದ್ದ ಕೆಂಪು ಮೊಹರು:
ಈ ಹೆಸರಿನವರು ಇಲ್ಲಿಲ್ಲ.

ಎಂಜಿನ್ನು ಓಡುತ್ತಿತ್ತು. ಟೋಪಿಯ ಕಿವಿ ಎತ್ತಿ ಬಗ್ಗಿದೆ.
ರಟ್ಟಿನ ಹಿಂದೆ, ಸಣ್ಣಗೆ,
ಟಕ್.
ಕದ ಮುಚ್ಚಿದ ಸದ್ದು.