ನೂರ ನಲವತ್ತು ಕಿಲೋ ಹೆಚ್ಚು

ಪೋರ್ಟ್ ಅಗಸ್ಟಾದ ಹರಾಜಿನಲ್ಲಿ ಯಾರೂ ಕೈ ಎತ್ತದ
ಹಳೇ ಆಂಬುಲೆನ್ಸು ಇದು. ನಾನೆತ್ತಿದೆ.
ಹದಿನೇಳು ವರ್ಷ ಇದರ ಹಿಂಬಾಗಿಲು ತೆರೆದು
ಒಳಗಿದ್ದವರನ್ನು ಇಳಿಸಿಕೊಂಡವಳು ನಾನೇ,
ರಾತ್ರಿ ಪಾಳಿಯ ನರ್ಸು.
ಖಾಲಿ ಇದ್ದಾಗ ಹೇಗಿರುತ್ತದೆಂದು
ಒಮ್ಮೆಯೂ ನೋಡಿರಲಿಲ್ಲ.

ಮೊದಲು ಕಾಗದ. ಚೌಕುಳಿ ಹಾಳೆಯ ಮೇಲೆ
ಒಂದು ಚೌಕಕ್ಕೆ ಹತ್ತು ಸೆಂಟಿಮೀಟರು.
ಸ್ಟ್ರೆಚರಿದ್ದಲ್ಲೇ ಹಾಸಿಗೆ, ಬೇರೆಲ್ಲೂ ಕಾಲು ಚಾಚಲಾಗದು.
ಚಕ್ರದ ಗೂಡಿನ ಮೇಲೆ ಬ್ಯಾಟರಿ.
ಎರಡು ಅಚ್ಚುಗಳ ನಡುವೆ, ಆದಷ್ಟು ತಗ್ಗಿನಲ್ಲಿ,
ತೊಂಬತ್ತು ಲೀಟರು ನೀರು.
ನೀರು ಮೇಲಿದ್ದರೆ ತಿರುವಿನಲ್ಲಿ ಗಾಡಿಗೆ ತಲೆ ಸುತ್ತುತ್ತದೆ
ಎನ್ನುತ್ತಿದ್ದ ಅಪ್ಪ, ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ
ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದವನು.
(ಆಸ್ಪತ್ರೆಯಲ್ಲಿ ಆ ಮಾತಿಗೆ ಬೇರೆ ಅರ್ಥ.)
ಹಲಗೆಗೆ ಕಿವಿಯಿಟ್ಟು ಬೆರಳಲ್ಲಿ ಬಡಿದು
‘ಇದು ಒಳಗ ಟೊಳ್ಳೈತಿ, ತಗೀರಿ ಆಕಡೆ’ ಅನ್ನುವನು.
ಅವನಿಗೆ ಚೌಕುಳಿ ಹಾಳೆ ಬೇಕಿರಲಿಲ್ಲ.
ನನಗೆ ಹನ್ನೊಂದು ಬೇಕಾದವು.

ಪಕ್ಕದ ಮನೆಯ ಮರ್ವಿನ್, ರೈಲ್ವೆ ಕಾರ್ಖಾನೆಯ ಹಳೇ ಫಿಟ್ಟರು,
ಬೇಲಿಯ ಮೇಲಿಂದ ಮೂರು ದಿನ ನೋಡಿದ.
ನಾಲ್ಕನೆಯ ದಿನ ವೆಲ್ಡಿಂಗ್ ಮುಖವಾಡ ಸಮೇತ ಬಂದ.
ನೀಲಗಂಗಾ ಎನ್ನಲು ನಾಲಗೆ ಹೊರಳದೆ ನೀಲ್ ಅಂದ.
ಅವನು ಮಾಡಿದ್ದು ನಾಲ್ಕು ಡ್ರಾಯರು, ಮೂರು ಮಿಲಿಮೀಟರು ಉಕ್ಕು;
ಎಳೆದರೆ ಗೂಡ್ಸ್ ಬೋಗಿಯ ಕೊಂಡಿ ಕಳಚಿದ ಸದ್ದು.
ಚಮಚ ಇಡಲಿಕ್ಕೆ ಇಷ್ಟು ಬೇಕೇ ಎಂದರೆ
ಆ ದಾರಿಯ ಗುಂಡಿಗಳನ್ನು ನೀನು ಕಂಡಿಲ್ಲ ಎಂದ.
ಕಂಡವರನ್ನು ಕಂಡಿದ್ದೇನೆ, ಎಂದೆ.

ಚಾವಣಿಗೆ ಉಣ್ಣೆ ತುಂಬಿ ಪ್ಲೈವುಡ್ ಹೊದಿಸುವ ದಿನ
ಸ್ಟ್ರೆಚರಿನ ನೆತ್ತಿಗೆ ನೇರವಾಗಿ
ಒಂದು ಸ್ಟಿಕ್ಕರು: ಗುಲಾಬಿ ಎದೆಯ ಗಾಲಾ ಹಕ್ಕಿ,
ಒಂದು ರೆಕ್ಕೆ ಸುಲಿದದ್ದು.
ಯಾವ ಡ್ರೈವರ್ ಅಂಟಿಸಿದನೋ, ಯಾವ ಮಗು ಅಳುತ್ತಿತ್ತೋ.
ನಿಂತು ಕೆಲಸ ಮಾಡುವವರಿಗೆ ಕಾಣುವ ಜಾಗವಲ್ಲ.
ನೆಲದ ಮೇಲೆ ಅಂಗಾತ ಮಲಗಿ ನೋಡಿದೆ,
ಮರ್ವಿನ್ ಚಹಾ ತರುವವರೆಗೂ.
ಪ್ಲೈವುಡ್ಡಿಗೆ ಅಲ್ಲೊಂದು ತಟ್ಟೆಯಗಲದ ತೂತು ಕೊರೆಸಿದೆ.
ಬಿಸಿಲು ಇಳಿಯುತ್ತದೆ ಇಲ್ಲಿಂದ, ಎಂದ.
ಇಳಿಯಲಿ.

ಡಬ್ಬಿ, ಹಗ್ಗ, ಎರಡನೇ ಸ್ಟೆಪ್ನಿ, ಮರಳಿಗೆ ಹಾಸುವ ಹಲಗೆ,
ಎಲ್ಲ ಹೇರಿಕೊಂಡು ಸೈಲೋ ಪಕ್ಕದ ವೇಬ್ರಿಡ್ಜಿಗೆ ಹೋದೆವು.
ಗಾಜಿನ ಗೂಡಿನ ಹುಡುಗಿ, ಗೋಧಿಗೆ ಹರಿದ ಹಾಗೇ
ನಮಗೂ ಚೀಟಿ ಹರಿದಳು:
ಕಾನೂನಿನ ಮಿತಿಗಿಂತ ನೂರ ನಲವತ್ತು ಕಿಲೋ ಹೆಚ್ಚು.
ವಾಪಸು ಬರುವಾಗ ಇಬ್ಬರೂ
ರಸ್ತೆಯನ್ನೇ ನೋಡುತ್ತ ಕೂತಿದ್ದೆವು.

ಓವನ್ ಇಳಿಸಿದೆ. ಮಡಚುವ ಕುರ್ಚಿಗಳಲ್ಲಿ ಒಂದನ್ನು ಇಳಿಸಿದೆ.
ಬರುವವರು ಯಾರೂ ಇರಲಿಲ್ಲ, ಸುಮ್ಮನೆ ಎರಡು ಕೊಂಡಿದ್ದೆ.
ರೊಟ್ಟಿಯ ಹಂಚು ಇಳಿಸಿ, ಅಂಗಳ ಒಂದು ಸುತ್ತು ಹಾಕಿ,
ಮತ್ತೆ ಹತ್ತಿಸಿದೆ.
ಡ್ರಾಯರಿನ ಮಾತು ಯಾರೂ ಎತ್ತಲಿಲ್ಲ.

ಎರಡು ಪಾಳಿ ಮುಗಿಸಿ ಬಂದ ಬೆಳಿಗ್ಗೆ
ಶೆಡ್ಡಿನಲ್ಲಿ ಡ್ರಿಲ್ಲಿನ ಕೂಗು.
ತನ್ನ ಉಕ್ಕಿಗೆ ತಾನೇ ತೂತು ಕೊರೆಯುತ್ತಿದ್ದಾನೆ ಮರ್ವಿನ್,
ಸಾಲಿನ ಪಕ್ಕ ಸಾಲು, ದೋಸೆಗೆದ್ದ ಕಣ್ಣುಗಳಂತೆ.
ಕಾಲ ಬಳಿ ಬಿಲ್ಲೆಗಳ ರಾಶಿ.
ಬಕೆಟ್ಟಿಗೆ ತುಂಬಿ, ತಕ್ಕಡಿಯ ಮೇಲಿಟ್ಟು
ಕನ್ನಡಕ ಒರೆಸಿಕೊಂಡ.
‘ಒಂಬತ್ತೂವರೆ’ ಎಂದ. ‘ಹೆಚ್ಚೇನಲ್ಲ.’

ಇನ್ನೂ ಎಪ್ಪತ್ತು ಬಾಕಿಯಿದೆ. ಹೊರಡುವುದು ಮೇ ತಿಂಗಳಿಗೆ,
ಊಡ್ನಡಟ್ಟಾ ದಾರಿ, ಉಪ್ಪುಗೆರೆಯ ಅಂಚಿನಲ್ಲಿ.
ಇವತ್ತು ಅಂಗಳದಲ್ಲೇ, ಹಿಂಬಾಗಿಲು ತೆರೆದು ಮಲಗಿದ್ದೇನೆ.
ದೂರದ ಹೆದ್ದಾರಿಯಲ್ಲಿ ಮೂರು ಟ್ರೇಲರಿನ ಲಾರಿ
ಗೇರು ಬದಲಿಸುತ್ತದೆ.
ನೆತ್ತಿಯ ಮೇಲೆ ಒಂಟಿ ರೆಕ್ಕೆಯ ಗಾಲಾ.
ಕೊಲ್ಲಿಯ ಗಾಳಿ ನುಗ್ಗಿದಾಗಲೆಲ್ಲ
ಡ್ರಾಯರಿನ ತೂತುಗಳು ಸಣ್ಣಗೆ ಶಿಳ್ಳೆ ಹಾಕುತ್ತವೆ.
ನಾಳೆ ರಬ್ಬರು ಅಂಟಿಸಬೇಕು.
ರಬ್ಬರಿನ ತೂಕ ಎಷ್ಟೋ.