ಕರಿ ಲಿಂಬೆ

ಮೊದಲ ಶುಕ್ರವಾರ ನಿಜ್ವಾದ ಸಂತೆಯಲ್ಲಿ
ಖರ್ಜೂರದ ಗುಡ್ಡೆಯೆದುರು ನಿಂತು
ಕೈಸನ್ನೆಯಲ್ಲೇ ಕೇಳಿದೆ: ಇದು ಯಾವುದು?
'ಖಲಾಸ್' ಅಂದ ಹುಡುಗ.
ಮಾರಿಹೋಯಿತೇನೋ ಎಂದು ಪಕ್ಕದ ಅಂಗಡಿಗೆ ಹೋದೆ.
ಅಲ್ಲೂ ಖಲಾಸ್. ಅದರಾಚೆಯೂ ಖಲಾಸ್.
ಮೊಣಕಾಲೆತ್ತರ ಹಣ್ಣು ಸುರಿದುಕೊಂಡು
ಊರಿಗೆ ಊರೇ ನನಗೆ ಮಾತ್ರ ಇಲ್ಲ ಅನ್ನುತ್ತಿದೆಯಲ್ಲ
ಎಂದು ಬರಿಗೈಲಿ ಕೋಣೆಗೆ ಬಂದು
ಉಪ್ಪಿಟ್ಟು ತಿಂದು ಮಲಗಿದೆ.

ಎರಡು ವಾರದ ಮೇಲೆ ಆಸ್ಪತ್ರೆಯ ಡ್ರೈವರ್ ಮುರಾದ್
ಸ್ಟಿಯರಿಂಗ್ ಬಿಟ್ಟು ನಕ್ಕ:
ಅದು ಆ ಹಣ್ಣಿನ ಹೆಸರು, ಸಿಸ್ಟರ್.
ನಾನು ಸಿಸ್ಟರ್ ಅಲ್ಲ, ಎಕ್ಸ್‌ರೇ ತೆಗೆಯುವವಳು.
ಅದನ್ನು ಹೇಳುವುದನ್ನೂ ಬಿಟ್ಟಿದ್ದೇನೆ.

ಆಮೇಲೆ ಬೆಳಗಿನ ಆರಕ್ಕೇ ಹೋಗತೊಡಗಿದೆ.
ಆಡಿನ ಸವಾಲು ನಡೆಯುವುದು ಆಗಲೇ.
ಕೊಳ್ಳುವವರು ಸುತ್ತ ಕೂತಿರುತ್ತಾರೆ, ಆಡುಗಳು ತಿರುಗುತ್ತವೆ,
ಹಗ್ಗ ಹಿಡಿದವನು ರೇಟು ಕೂಗುತ್ತಾ ಓಡುತ್ತಾನೆ.
ಮುದುಕರು ಕೋಲಿನ ತುದಿಯಿಂದ ಅವನನ್ನು ನಿಲ್ಲಿಸಿ
ಆಡಿನ ತುಟಿ ಎತ್ತಿ ಹಲ್ಲು ನೋಡುತ್ತಾರೆ,
ಸೊಂಟದಲ್ಲಿ ಬೆಳ್ಳಿಯ ಖಂಜರ್, ಕಿವಿಯಲ್ಲಿ ಬ್ಲೂಟೂತ್.
ನನಗೆ ಆಡು ಬೇಡ. ಆ ಕೂಗು ಬೇಕು.

ಝುವೈನಾ ಕೂರುವುದು ಗೋಡೆಯ ನೆರಳು ಮೊದಲು ಬೀಳುವ ಕಡೆ.
ಮುಖಕ್ಕೆ ಮಸಿಬಣ್ಣದ ಮುಸುಕು, ಮೂಗಿನ ಮೇಲೆ ಅದರ ಏಣು,
ಎರಡು ಕಣ್ಣು, ಅವುಗಳಲ್ಲಿ ಇಡೀ ಬೀದಿಯ ಲೆಕ್ಕ.
ಯಾವೂರು ಅಂದಳು. ಇಂಡಿ ಅಂದೆ.
'ಅದು ನೋಡಿದರೇ ಗೊತ್ತಾಗುತ್ತದೆ. ಊರು ಯಾವುದು?'

ಮುಂದೆ ಗೋಣಿತಟ್ಟಿನ ಮೇಲೆ ಕರ್ರಗೆ, ಹಗುರ,
ಅಲುಗಿಸಿದರೆ ಒಳಗೆ ಬೀಜ ಸದ್ದು ಮಾಡುವ
ಲಿಂಬೆಕಾಯಿಯ ಹೆಣಗಳು.
ಲೂಮಿ, ಅಂದಳು.
ನಮ್ಮ ತೋಟದಲ್ಲಿ ಇಂಥವನ್ನು ಆರಿಸಿ ಬೇಲಿಯಾಚೆ ಎಸೆಯುವ ಕೂಲಿ
ನನ್ನದಿತ್ತು, ಬುಟ್ಟಿಗೆ ಎಂಟಾಣೆ.
ಇಲ್ಲಿ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ.

ತಂದು, ಮೊಳೆಯಿಂದ ತೂತು ಕೊರೆದು
ತೊಗರಿಬೇಳೆಯ ಜೊತೆ ಕುದಿಸಿದೆ.
ಸಾರು ಬೂದಿಬಣ್ಣಕ್ಕೆ ತಿರುಗಿತು.
ರೂಮಿನ ಶೈನಿ ಕಿಟಕಿ ತೆರೆದಳು.
ಮೊದಲ ತುತ್ತು ಕಹಿ. ಎರಡನೆಯದೂ ಕಹಿ.
ಮೂರನೆಯದಕ್ಕೆ, ಎಲ್ಲೋ ಹಿಂದಿನಿಂದ,
ಹುಳಿ ತಡವಾಗಿ ಬಂತು,
ಬಸ್ಸು ತಪ್ಪಿ ಬಿಸಿಲಲ್ಲೇ ನಡೆದುಬಂದ ನೆಂಟನ ಹಾಗೆ.

ರಾತ್ರಿ ತಮ್ಮನಿಗೆ ಫೋನು ಮಾಡಿದೆ.
ಒಣಗಿದ್ದು ಒಗೀಬ್ಯಾಡೋ, ಅದನ್ನ ತಿಂತಾರ.
ಯಾರು?
ಎಲ್ಲಾರೂ.
ನೀನೂ?
ಹೂಂ.
ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:
ಅಲ್ಲಿ ಹೊಟ್ಟಿಗೆ ಸರಿ ಸಿಗ್ತದಿಲ್ಲೋ, ಅಕ್ಕಾ?

ರಂಜಾನಿಗೆ ಮುಂಚಿನ ಶುಕ್ರವಾರ
ಗೋಡೆಯ ನೆರಳು ಬಿದ್ದ ಕಡೆ ಯಾರೂ ಇರಲಿಲ್ಲ.
ಭಾನುವಾರ ಅವಳೇ ನನ್ನ ಕತ್ತಲೆಕೋಣೆಗೆ ಬಂದಳು,
ಮೊಮ್ಮಗನ ಹೆಗಲು ಹಿಡಿದು. ಮೆಟ್ಟಿಲಲ್ಲಿ ಜಾರಿ, ಬಲಗೈ ಮಣಿಕಟ್ಟು.
ಬಳೆ ತೆಗೆಸಿದೆ. ಕೈಯನ್ನು ಬೋರಲು ಮಲಗಿಸಿದೆ.
ಉಸಿರು ಹಿಡಿ ಅನ್ನಬೇಕಿಲ್ಲ ಕೈಗೆ, ಆದರೂ ಅಂದೆ.
ಹಿಡಿದಳು.

ಪರದೆಯ ಮೇಲೆ ಮೂಡಿತು: ಹುಣಸೆಬೀಜದಂಥ ಎಂಟು ಮೂಳೆ,
ತೂಗಿ ತೂಗಿ ಸವೆದ ಹೆಬ್ಬೆರಳ ಬುಡ,
ಕೂದಲೆಳೆಯ ಒಂದು ಬಿರುಕು.
ಆರು ತಿಂಗಳಿಂದ ಮುಖ ಕಾಣದವಳ
ಎಲುಬು ಕಂಡೆ.
ಯಾಕೋ ಒಂದು ಗಳಿಗೆ ನೋಟ ತಗ್ಗಿಸಿದೆ,
ಅವಳು ಸ್ನಾನದ ಮನೆಯಲ್ಲಿದ್ದಾಗ ಬಾಗಿಲು ತೆರೆದವಳಂತೆ.

ಹಬ್ಬ ಕಳೆದ ಮೇಲೆ ಮತ್ತೆ ಕೂತಿದ್ದಳು,
ಬಲಗೈ ಪಟ್ಟಿಯಲ್ಲಿ, ಎಡಗೈಲಿ ತಕ್ಕಡಿ.
ತಟ್ಟೆ ನನ್ನ ಕಡೆಗೆ ವಾಲಿತು, ಎರಡು ಕಾಯಿ ಹೆಚ್ಚು.
ಇರಲಿ ಬಿಡು, ಅಂದೆ ನನ್ನ ಹರಕು ಅರಬ್ಬಿಯಲ್ಲಿ.
ಎರಡನ್ನೂ ತೆಗೆದು ಗೋಣಿಗೆ ಹಾಕಿದಳು.
'ಅವತ್ತು ನೀನು ನನ್ನ ಒಂದಾದರೂ ಎಲುಬು
ನೋಡದೆ ಬಿಟ್ಟೆಯಾ?'

ಐನೂರು ಬೈಸಾ ಎಣಿಸಿ ಕೊಟ್ಟೆ.